‘ಬೇಕು’ ಮತ್ತು ‘ಸಾಕು’: ತೃಪ್ತಿ ಎಲ್ಲಿಂದ ಬರುತ್ತದೆ?

ಮದುವೆ ಊಟದ ಪಂಕ್ತಿ. ಕೋಸಂಬರಿ, ಪಲ್ಯ, ಚಿತ್ರಾನ್ನ, ಹುಳಿ, ಸಾರು ಎಲ್ಲ ಎರಡೆರಡು ಸಲ ಆಗಿದೆ. ಅನ್ನದವರು ಮತ್ತೆ ಬಂದರೆ ನೀವು ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕಪ್ಪಾ, ಒಂದು ಅಗುಳೂ ಬೇಡ’ ಅನ್ನುತ್ತೀರಿ. ಸುಳ್ಳೇನಲ್ಲ, ನಿಜವಾಗಿಯೂ ಹೊಟ್ಟೆ ತುಂಬಿದೆ. ಅಷ್ಟರಲ್ಲಿ ಹೋಳಿಗೆಯ ತಟ್ಟೆ ಬರುತ್ತದೆ, ಅದರ ಹಿಂದೆಯೇ ತುಪ್ಪದ ಮಿಳ್ಳೆ. ಅಡ್ಡ ಹಿಡಿದ ಕೈ ತಾನಾಗಿಯೇ ಸರಿಯುತ್ತದೆ.

ಹೊಟ್ಟೆ ‘ಸಾಕು’ ಅಂದ ಮೇಲೆ ಈ ‘ಬೇಕು’ ಎಲ್ಲಿಂದ ಬಂತು?

ಇದು ಈಗ ಬರೀ ತಮಾಷೆಯ ಪ್ರಶ್ನೆಯಾಗಿ ಉಳಿದಿಲ್ಲ. ತೂಕ ಇಳಿಸಲು ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್‌ಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದವು. ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ. ನಮ್ಮ ಬೀದಿಯಲ್ಲೇ ಇರುವ ಒಬ್ಬರು, ಡಾಕ್ಟರು ಬರೆದುಕೊಟ್ಟ ಮೇಲೆ, ಅದನ್ನು ಶುರು ಮಾಡಿದ್ದಾರೆ. ತೂಕದ ಸುದ್ದಿಗಿಂತ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ‘ಮೊದ್ಲೆಲ್ಲ ಡಬ್ಬಿಲಿ ಚಕ್ಕುಲಿ ಇದೆ, ಚಕ್ಕುಲಿ ಇದೆ ಅಂತ ತಲೆ ಒಳಗೆ ಯಾರೋ ಹೇಳ್ತಾನೇ ಇರೋರು. ಈಗ ಡಬ್ಬಿ ಅಲ್ಲೇ ಇದೆ, ನೆನಪೇ ಆಗಲ್ಲ.’ ಆಸೆಯನ್ನು ಸೂಜಿಯಿಂದ ಆರಿಸಬಹುದು ಅಂದರೆ, ಆಸೆ ಅಂದರೇನು, ಅದು ತೀರುವುದು ಅಂದರೇನು ಅಂತ ಒಂದು ಸಲ ಬುಡದಿಂದ ನೋಡಬೇಕು ಅನ್ನಿಸಿತು.

ಮೊದಲು ಪದಗಳು

ನಾವು ದಿನವೂ ಬಳಸುವ ಪದಗಳಲ್ಲೇ ಅರ್ಧ ಉತ್ತರ ಇದೆ. ಚಪಲ ಬೇರೆ, ಖುಷಿ ಬೇರೆ, ತೃಪ್ತಿ ಬೇರೆ, ಸಮಾಧಾನ ಬೇರೆ. ಬೋಂಡದ ಗಾಡಿ ಕಂಡಾಗ ಕಾಲು ನಿಧಾನವಾಗುವುದು ಚಪಲ. ಬಿಸಿ ಬೋಂಡ ಬಾಯಿಗೆ ಬಿದ್ದ ಕ್ಷಣದ್ದು ಖುಷಿ. ತಿಂದು ಕೈ ಒರೆಸಿಕೊಂಡು ಇನ್ನು ಬೇಡ ಅನ್ನಿಸಿದರೆ ಅದು ತೃಪ್ತಿ. ಮನೆಗೆ ಬಂದ ಮೇಲೆ, ಒಟ್ಟಾರೆ ಬದುಕು ಪರವಾಗಿಲ್ಲ ಅಂತ ಅನ್ನಿಸುತ್ತದಲ್ಲ, ಅದು ಸಮಾಧಾನ. ಇದಕ್ಕೂ ಬೋಂಡಕ್ಕೂ ಹೆಚ್ಚು ಸಂಬಂಧ ಇಲ್ಲ.

ತೃಪ್ತಿ ಎಂಬ ಪದ ಊಟದ ಎಲೆಗೆ ಹತ್ತಿರದ್ದು. ತರ್ಪಣ ಅನ್ನುವುದೂ ಅದೇ ಸಂಸ್ಕೃತ ಮೂಲದಿಂದ ಬಂದ ಪದ. ಹಿರಿಯರನ್ನು ತಣಿಸುವುದು ಅಂತ ಅರ್ಥ. ಶ್ರಾದ್ಧದಲ್ಲಿ ಊಟ ಮುಗಿದ ಮೇಲೆ ‘ತೃಪ್ತಿಯಾಯಿತೇ’ ಅಂತ ಕೇಳುವ, ‘ಆಯಿತು’ ಅಂತ ಊಟ ಮಾಡಿದವರ ಬಾಯಿಂದ ಹೇಳಿಸುವ ಪದ್ಧತಿಯೂ ಇದೆ. ತೃಪ್ತಿಯಾದದ್ದು ಹೊರಗಿನಿಂದ ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು.

ಇಂಗ್ಲಿಷಿನ ‘ಗ್ರ್ಯಾಟಿಫಿಕೇಷನ್’ ಅನ್ನುವ ಪದಕ್ಕೆ ಆಸೆ ತೀರಿದಾಗ ಸಿಗುವ ಸುಖ ಅಂತ ಅರ್ಥ. ಸುಮ್ನೆ ಒಂದು ಮಾತು: ನಮ್ಮ 1988ರ ಭ್ರಷ್ಟಾಚಾರ ತಡೆ ಕಾಯ್ದೆ ಲಂಚಕ್ಕೆ ಬಳಸಿದ್ದೂ ಇದೇ ಪದವನ್ನು. ಲಂಚ ಅಂದರೆ ದುಡ್ಡೇ ಆಗಬೇಕಿಲ್ಲ, ಒಬ್ಬರ ಆಸೆ ತೀರಿಸುವ ಏನಾದರೂ ಆದೀತು ಎಂಬ ಲೆಕ್ಕಾಚಾರ.

‘ಬೇಕು’ ಬೇರೆ, ‘ರುಚಿ’ ಬೇರೆ

1954ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಇಲಿಯ ಮಿದುಳಿನ ಒಂದು ಜಾಗಕ್ಕೆ ತೆಳುವಾದ ತಂತಿ ಇಟ್ಟು, ಸನ್ನೆಕೋಲು ಒತ್ತಿದರೆ ಅಲ್ಲಿಗೆ ಸಣ್ಣ ಕರೆಂಟು ಹೋಗುವಂತೆ ಮಾಡಿದ್ದರು. ಇಲಿ ಒತ್ತಿತು. ಮತ್ತೆ ಒತ್ತಿತು. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಗಂಟೆಗೆ ಸಾವಿರಾರು ಸಲ ಒತ್ತಿದವು. ಮಿದುಳಿನ ‘ಸುಖದ ಕೇಂದ್ರ’ ಸಿಕ್ಕೇಬಿಟ್ಟಿತು ಅಂತ ಎಲ್ಲರೂ ಅಂದುಕೊಂಡರು. ಆ ಹಾದಿಯಲ್ಲಿ ಹರಿಯುವ ರಾಸಾಯನಿಕ ಡೋಪಮೈನ್. ಅದಕ್ಕೆ ‘ಖುಷಿಯ ರಾಸಾಯನಿಕ’ ಅಂತ ಹೆಸರು ಬಿತ್ತು. ಇವತ್ತಿಗೂ ವಾಟ್ಸಾಪ್ ಫಾರ್ವರ್ಡುಗಳಲ್ಲಿ ಅದೇ ಹೆಸರು ಓಡಾಡುತ್ತಿದೆ.

ಆದರೆ ಇಲಿಗೆ ಖುಷಿಯಾಗಿತ್ತಾ? ಒತ್ತಿದ ಮಾತ್ರಕ್ಕೆ ಖುಷಿ ಅಂತ ಹೇಗೆ ಹೇಳುವುದು?

ಇದನ್ನು ಬಿಡಿಸಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್. ಅವರು ನೋಡಿದ್ದು ಇಲಿಯ ಮುಖವನ್ನು. ಅನ್ನಪ್ರಾಶನದ ದಿನ ಮಗುವಿನ ತುಟಿಗೆ ಪಾಯಸ ಸವರಿದರೆ ಏನು ಮಾಡುತ್ತದೆ? ನಾಲಿಗೆ ಹೊರಗೆ ಬರುತ್ತದೆ, ತುಟಿ ಚಪ್ಪರಿಸುತ್ತದೆ. ಕಹಿ ಔಷಧಿ ಹಾಕಿದರೆ ಬಾಯಿ ಅಗಲ ಮಾಡಿ, ಮುಖ ಕಿವಿಚಿ, ತಲೆ ಕೊಡವುತ್ತದೆ. ಇಲಿಯೂ ಸಿಹಿಗೆ ನಾಲಿಗೆ ಚಾಚುತ್ತದೆ, ಕಹಿಗೆ ಬಾಯಿ ತೆರೆಯುತ್ತದೆ. ರುಚಿ ಹತ್ತಿತೋ ಇಲ್ಲವೋ ಅಂತ ಮುಖವೇ ಹೇಳುತ್ತದೆ.

1980ರ ದಶಕದ ಕೊನೆಯಲ್ಲಿ ಬೆರಿಡ್ಜ್ ಮತ್ತು ಜೊತೆಗಾರರು ಇಲಿಗಳ ಮಿದುಳಿನಿಂದ ಡೋಪಮೈನ್ ಅನ್ನು ಹೆಚ್ಚುಕಮ್ಮಿ ಪೂರ್ತಿ ಇಲ್ಲವಾಗಿಸಿದರು. ಆ ಇಲಿಗಳು ಊಟ ಬಿಟ್ಟವು. ಎದುರಿಗೇ ಆಹಾರ ಇದ್ದರೂ ಹೋಗಿ ತಿನ್ನುವುದಿಲ್ಲ. ನಳಿಕೆಯಲ್ಲಿ ಹಾಕದಿದ್ದರೆ ಉಪವಾಸ ಸಾಯುತ್ತಿದ್ದವು. ಆದರೆ ಸಕ್ಕರೆ ನೀರನ್ನು ನೇರ ಬಾಯಿಗೆ ಬಿಟ್ಟರೆ? ಅದೇ ಚಪ್ಪರಿಕೆ. ರುಚಿಯ ಖುಷಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಹೋಗಿದ್ದು ‘ಬೇಕು’ ಮಾತ್ರ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ ಇಲ್ಲಿದೆ. ‘ಬೇಕು’ ಅನ್ನಿಸುವುದಕ್ಕೆ ಮಿದುಳಿನಲ್ಲಿ ಒಂದು ವ್ಯವಸ್ಥೆ, ಸಿಕ್ಕಿದ್ದು ‘ಚೆನ್ನಾಗಿದೆ’ ಅನ್ನಿಸುವುದಕ್ಕೆ ಇನ್ನೊಂದು. ಮೊದಲನೆಯದು ದೊಡ್ಡದು, ಗಟ್ಟಿ, ಡೋಪಮೈನ್ ಮೇಲೆ ನಡೆಯುತ್ತದೆ. ಎರಡನೆಯದಕ್ಕೆ ಇರುವುದು ಅಲ್ಲಲ್ಲಿ ಚಿಕ್ಕ ಚಿಕ್ಕ ತಾಣಗಳು. ಇಲಿಯ ಮಿದುಳಿನಲ್ಲಿ ಅಂಥ ಒಂದು ತಾಣ ಸುಮಾರು 1 ಘನ ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು. ಮಿದುಳು ತಾನೇ ತಯಾರಿಸಿಕೊಳ್ಳುವ, ಅಫೀಮಿನ ಜಾತಿಯ ರಾಸಾಯನಿಕಗಳು ಅಲ್ಲಿ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆಯುವುದರಿಂದ ನಮಗೆ ಒಂದೇ ಅಂತ ಕಾಣುತ್ತವೆ. ನೊಗ ಕಳಚಿದಾಗ ಗೊತ್ತಾಗುತ್ತದೆ.

ಅದು ಮನುಷ್ಯರಲ್ಲೂ ಕಳಚುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ. ಆ ಕೊರತೆ ತುಂಬಲು ಕೊಡುವ ಕೆಲವು ಔಷಧಿಗಳಿಂದ ಕೆಲವು ರೋಗಿಗಳಿಗೆ, ಮೊದಲು ಎಂದೂ ಇರದಿದ್ದ ಜೂಜಿನ ಹುಚ್ಚೋ, ಕಂಡದ್ದೆಲ್ಲ ಕೊಳ್ಳುವ ಹುಚ್ಚೋ ಹತ್ತುವುದುಂಟು. ಡಾಕ್ಟರು ಔಷಧಿಯ ಪ್ರಮಾಣ ಬದಲಿಸಿದರೆ ಹೆಚ್ಚಾಗಿ ಇಳಿಯುತ್ತದೆ. ಕುಡಿತ, ಡ್ರಗ್ಸ್ ಚಟದಲ್ಲೂ ಇದೇ ಕತೆ ಎಂಬ ವಾದವನ್ನು ಬೆರಿಡ್ಜ್ ಮತ್ತು ಟೆರ್ರಿ ರಾಬಿನ್ಸನ್ 1993ರಲ್ಲಿ ಮುಂದಿಟ್ಟರು. ವರ್ಷ ಕಳೆದ ಹಾಗೆ ಕುಡಿತದ ಸುಖ ಇಳಿಯುತ್ತದೆ, ‘ಬೇಕು’ ಮಾತ್ರ ಏರುತ್ತದೆ. ‘ಅದರಲ್ಲಿ ಈಗ ಏನೂ ಮಜಾ ಇಲ್ಲ, ಆದರೂ ಬಿಡೋಕಾಗ್ತಿಲ್ಲ’ ಅಂತ ಕುಡುಕ ಹೇಳಿದರೆ ನಾಟಕ ಅಂತ ನಾವು ಬೈಯುತ್ತೇವೆ. ಅವನು ನಿಜವನ್ನೇ ಹೇಳುತ್ತಿರಬಹುದು.

ಸಂಬಳಕ್ಕೆ ಯಾಕೆ ಕುಣಿಯುವುದಿಲ್ಲ?

ತಿಂಗಳ ಒಂದನೇ ತಾರೀಖು ಸಂಬಳದ ಮೆಸೇಜು ಬರುತ್ತದೆ. ನೋಡಿ ಫೋನ್ ಕೆಳಗಿಡುತ್ತೀರಿ. ಅದೇ ಯಾವತ್ತೋ ನೆನಪೇ ಇಲ್ಲದ 500 ರೂಪಾಯಿ ಹಳೇ ಪ್ಯಾಂಟಿನ ಜೇಬಿನಲ್ಲಿ ಸಿಕ್ಕರೆ? ದಿನವಿಡೀ ಹಿಗ್ಗು. ಸಂಬಳದಲ್ಲಿ 500 ಕಡಿಮೆ ಬಂದರೆ ದಿನವಿಡೀ ಸಿಡಿಮಿಡಿ. ದುಡ್ಡಿನ ಮೊತ್ತಕ್ಕೂ ನಮ್ಮ ಕುಣಿತಕ್ಕೂ ತಾಳೆಯೇ ಆಗುವುದಿಲ್ಲ.

ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಇದರ ಲೆಕ್ಕವನ್ನು ಮಂಗಗಳಲ್ಲಿ ಹಿಡಿದರು. ಮಂಗಕ್ಕೆ ಹಣ್ಣಿನ ರಸ ಕೊಟ್ಟಾಗ ಅದರ ಮಿದುಳಿನ ಡೋಪಮೈನ್ ಕೋಶಗಳು ಚುರುಕಾದವು. ಆಮೇಲೆ ರಸ ಕೊಡುವ ಮುಂಚೆ ಒಂದು ದೀಪ ಹೊತ್ತಿಸುವ ಅಭ್ಯಾಸ ಮಾಡಿಸಿದರು. ಕೆಲವೇ ದಿನದಲ್ಲಿ ಕೋಶಗಳು ದೀಪಕ್ಕೇ ಚುರುಕಾದವು, ರಸಕ್ಕೆ ಸುಮ್ಮನಿದ್ದವು. ದೀಪ ಹೊತ್ತಿ ರಸ ಬರದಿದ್ದರೆ, ಸರಿಯಾಗಿ ರಸ ಬರಬೇಕಿದ್ದ ಹೊತ್ತಿಗೆ, ಅವುಗಳ ಚಟುವಟಿಕೆ ಮಾಮೂಲಿಗಿಂತಲೂ ಕೆಳಗೆ ಬಿತ್ತು. ಅಂದರೆ ಡೋಪಮೈನ್ ಎಣಿಸುವುದು ಸಿಕ್ಕಿದ್ದನ್ನಲ್ಲ. ಸಿಕ್ಕಿದ್ದರಲ್ಲಿ ನಿರೀಕ್ಷೆಯನ್ನು ಕಳೆದರೆ ಉಳಿಯುವುದನ್ನು. ಈ ಕೆಲಸಕ್ಕೆ ಶುಲ್ಟ್ಸ್ ಅವರಿಗೆ 2017ರಲ್ಲಿ ಇನ್ನಿಬ್ಬರ ಜೊತೆ ಮಿದುಳು ಸಂಶೋಧನೆಯ ದೊಡ್ಡ ಬಹುಮಾನವಾದ ಬ್ರೈನ್ ಪ್ರೈಜ್ ಬಂತು.

ಈಗ ರಾತ್ರಿ ಹನ್ನೊಂದೂವರೆಗೆ ರೀಲ್ಸ್ ನೋಡುವ ಬೆರಳನ್ನು ನೆನೆಸಿಕೊಳ್ಳಿ. ಹತ್ತರಲ್ಲಿ ಎಂಟು ಬೇಜಾರಿನವು. ಒಂಬತ್ತನೆಯದು ನಗಿಸುತ್ತದೆ. ಯಾವುದು ಅಂತ ಮೊದಲೇ ಗೊತ್ತಾಗಿದ್ದರೆ ಇಷ್ಟು ಹೊತ್ತು ಕೂರುತ್ತಿರಲಿಲ್ಲ. ಮೇಲಿಂದ, ಪುಟಕ್ಕೆ ಕೊನೆಯೇ ಇಲ್ಲ. ಮುಂದಿನ ಪುಟ ಅಂತ ಒತ್ತುವ ಕೆಲಸವೇ ಬೇಡದ ಈ ವಿನ್ಯಾಸವನ್ನು 2006ರ ಹೊತ್ತಿಗೆ ರೂಪಿಸಿದ ಆಜಾ ರಾಸ್ಕಿನ್, ಅದಕ್ಕಾಗಿ ಆಮೇಲೆ ಬಹಿರಂಗವಾಗಿಯೇ ಬೇಸರಪಟ್ಟುಕೊಂಡಿದ್ದಾರೆ. ಬಾಳೆ ಎಲೆಗೆ ಅಂಚಿದೆ, ಪಂಕ್ತಿಗೆ ಕೊನೆಯಲ್ಲಿ ಮಜ್ಜಿಗೆ ಇದೆ. ಇಲ್ಲಿ ಮಜ್ಜಿಗೆಯೇ ಬರುವುದಿಲ್ಲ.

‘ಸಾಕು’ ಹೇಳುವುದು ಯಾರು?

ಮತ್ತೆ ಊಟಕ್ಕೆ ಬರೋಣ, ಯಾಕೆಂದರೆ ‘ಸಾಕು’ ಹೇಗೆ ಹುಟ್ಟುತ್ತದೆ ಅಂತ ಅತ್ಯಂತ ಸ್ಪಷ್ಟವಾಗಿ ಗೊತ್ತಿರುವುದು ಊಟದಲ್ಲೇ.

ಅನ್ನ ಒಳಗೆ ಹೋದ ಹಾಗೆ ಹೊಟ್ಟೆಯ ಗೋಡೆ ಹಿಗ್ಗುತ್ತದೆ. ಅಲ್ಲಿರುವ ನರದ ತುದಿಗಳು ಆ ಸುದ್ದಿಯನ್ನು ವೇಗಸ್ ಎಂಬ ನರದ ಮೂಲಕ ಮಿದುಳಿಗೆ ಮುಟ್ಟಿಸುತ್ತವೆ. ಇದು ಮೊದಲ ಸುದ್ದಿ. ಅರ್ಧ ಜೀರ್ಣವಾದ ಆಹಾರ ಸಣ್ಣ ಕರುಳಿಗೆ ಇಳಿದ ಮೇಲೆ ಅಲ್ಲಿಂದ ಕೆಲವು ಹಾರ್ಮೋನುಗಳು ಹೊರಡುತ್ತವೆ. ಅದರಲ್ಲಿ ಒಂದರ ಹೆಸರು ಜಿಎಲ್‌ಪಿ-1. ಅದು ‘ಇಲ್ಲಿಗೆ ಬಂತು, ಇನ್ನು ನಿಲ್ಲಿಸು’ ಅನ್ನುವ ಎರಡನೇ ಸುದ್ದಿ. ಇದೆಲ್ಲ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಹಿಡಿಯುತ್ತದೆ. ಟಿಫಿನ್ ಡಬ್ಬಿಯನ್ನು ಏಳು ನಿಮಿಷದಲ್ಲಿ ಮುಗಿಸುವವರಿಗೆ ‘ಸಾಕು’ ಕೇಳಿಸುವುದು ಕೈ ತೊಳೆದ ಮೇಲೆ. ಮದುವೆ ಮನೆಯವರು ಪಂಕ್ತಿಯ ನಡುವೆ ಓಡಾಡುತ್ತಾ ‘ಸಾವಕಾಶವಾಗಿ ಊಟ ಮಾಡಿ’ ಅನ್ನುತ್ತಾರಲ್ಲ, ಅದು ಬರೀ ಉಪಚಾರವಾಗಿರಲಿಕ್ಕಿಲ್ಲ.

ದೀರ್ಘ ಲೆಕ್ಕ ಇಡುವುದು ಇನ್ನೊಂದು ಹಾರ್ಮೋನು, ಲೆಪ್ಟಿನ್. ಇದು ಕೊಬ್ಬಿನಿಂದಲೇ ಹೊರಡುತ್ತದೆ, ಉಗ್ರಾಣದಲ್ಲಿ ಎಷ್ಟು ದಾಸ್ತಾನಿದೆ ಅಂತ ಮಿದುಳಿಗೆ ಹೇಳುತ್ತದೆ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್ಮನ್ ತಂಡ ಇದನ್ನು ಕಂಡುಹಿಡಿದಾಗ ದಪ್ಪಗಿರುವವರ ಸಮಸ್ಯೆ ಮುಗಿಯಿತು ಅಂತ ಆಸೆ ಹುಟ್ಟಿತ್ತು. ಹಾಗಾಗಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಲೆಪ್ಟಿನ್ ಈಗಾಗಲೇ ಜಾಸ್ತಿ ಇರುತ್ತದೆ, ಮಿದುಳು ಕಿವಿಗೆ ಹಾಕಿಕೊಳ್ಳುವುದಿಲ್ಲ ಅಷ್ಟೆ.

ಹಾಗಾದರೆ ಹೋಳಿಗೆ? ಅಡ್ಡ ಹಿಡಿದ ಕೈ ಸರಿದದ್ದು ಯಾಕೆ? ಇದಕ್ಕೂ ಉತ್ತರ ಇದೆ. ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1980ರ ದಶಕದ ಆರಂಭದಲ್ಲಿ ಜನರಿಗೆ ಒಂದು ತಿನಿಸನ್ನು ಬೇಕಾದಷ್ಟು ಕೊಟ್ಟು, ಆಮೇಲೆ ಹಲವು ತಿನಿಸುಗಳ ರುಚಿ ಕೇಳಿದರು. ತಿಂದ ತಿನಿಸಿನ ರುಚಿ ಇಳಿದಿತ್ತು, ತಿನ್ನದ್ದರ ರುಚಿ ಹೆಚ್ಚುಕಡಿಮೆ ಹಾಗೇ ಇತ್ತು. ಅಂದರೆ ‘ಸಾಕು’ ಎಂಬುದು ಇಡೀ ಊಟಕ್ಕೆ ಒಂದೇ ಅಲ್ಲ. ಪ್ರತಿ ರುಚಿಗೂ ಒಂದೊಂದು ‘ಸಾಕು’ ಇದೆ. ಅನ್ನ ಸಾರಿನ ಖಾತೆ ಮುಚ್ಚಿದೆ, ಸಿಹಿಯ ಖಾತೆ ತೆರೆದೇ ಇದೆ. ಮೂರನೇ ಹೋಳಿಗೆಗೆ ಅದೂ ಮುಚ್ಚುತ್ತದೆ, ಆಗ ಉಪ್ಪಿನಕಾಯಿ ನೆಕ್ಕಿಕೊಂಡರೆ ಹೋಳಿಗೆಗೆ ಮತ್ತೆ ಜೀವ ಬರುತ್ತದೆ. ನಮ್ಮ ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ ಇಟ್ಟವರು ಈ ಪ್ರಯೋಗ ಓದಿರಲಿಲ್ಲ.

ಇಂಜೆಕ್ಷನ್ ವಿಷಯಕ್ಕೆ ಬಂದರೆ, ನಮ್ಮ ದೇಹದ ಜಿಎಲ್‌ಪಿ-1 ಎರಡೇ ನಿಮಿಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದುಬಿಡುತ್ತದೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅದನ್ನೇ ಹೋಲುವ ಪದಾರ್ಥ, ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುವಂತೆ ಮಾಡಿದ್ದು. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಅದರ ಜೊತೆಗೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಊಟದ ಕೊನೆಯಲ್ಲಿ ಸ್ವಲ್ಪ ಹೊತ್ತು ಕೇಳಿಸುವ ‘ಸಾಕು’ ವಾರವಿಡೀ ಮೆಲ್ಲಗೆ ಕೇಳಿಸುತ್ತಲೇ ಇರುತ್ತದೆ ಅಂದುಕೊಳ್ಳಿ. ಇದಕ್ಕೆ ಸ್ಪಂದಿಸುವ ಜಾಗಗಳು ಮಿದುಳಿನ ‘ಬೇಕು’ ಹಾದಿಯಲ್ಲೂ ಇವೆ. ಚಕ್ಕುಲಿ ಡಬ್ಬಿ ನೆನಪಾಗದಿರುವುದು ಅದಕ್ಕೇ ಇರಬೇಕು. ವಾಕರಿಕೆ, ವಾಂತಿಯಂಥ ತೊಂದರೆಗಳು ಸಾಮಾನ್ಯ, ಡಾಕ್ಟರ ನಿಗಾ ತಪ್ಪಬಾರದು. ನಿಲ್ಲಿಸಿದರೆ ‘ಬೇಕು’ ವಾಪಸು ಬರುತ್ತದೆ. 2022ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಅಧ್ಯಯನದಲ್ಲಿ, ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಜನ ಇಳಿಸಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಪಡೆದಿದ್ದರು.

ಕಾಯುವ ಮಕ್ಕಳು

ಸುಖವನ್ನು ಮುಂದೂಡುವುದರ ಬಗ್ಗೆ ಮಾತು ಬಂದಾಗಲೆಲ್ಲ ವಾಲ್ಟರ್ ಮಿಶೆಲ್ ಅವರ ಪ್ರಯೋಗ ಬರುತ್ತದೆ. 1960ರ ದಶಕದ ಕೊನೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರ. ಮಗುವಿನ ಮುಂದೆ ಒಂದು ಸಿಹಿ. ‘ನಾನು ಬರುವವರೆಗೆ ತಿನ್ನದಿದ್ದರೆ ಎರಡು ಸಿಗುತ್ತದೆ.’ ಕಾದ ಮಕ್ಕಳು ಮುಂದೆ ಓದಿನಲ್ಲಿ ಮುಂದೆ ಬಂದರು ಅಂತ ಆಮೇಲೆ ವರದಿಯಾಯಿತು. ತಾಳ್ಮೆಯೇ ಭವಿಷ್ಯ ಅಂತ ಭಾಷಣಕಾರರು ಹಿಡಿದುಕೊಂಡರು. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟು ನೋಡಿದಾಗ ಸಂಬಂಧ ಅರ್ಧಕ್ಕೆ ಇಳಿಯಿತು. ಮನೆಯ ಸ್ಥಿತಿಗತಿಯಂಥ ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದರಲ್ಲೂ ಸ್ವಲ್ಪವೇ ಉಳಿಯಿತು.

ಇನ್ನೂ ಚೆಂದದ ಪ್ರಯೋಗ ಅಮೆರಿಕದ ರೋಚೆಸ್ಟರ್‌ನದು. 28 ಮಕ್ಕಳು. ಮೊದಲು ಮಕ್ಕಳಿಗೆ ಸವೆದ ಬಣ್ಣದ ಕಡ್ಡಿ ಕೊಟ್ಟು, ‘ಸ್ವಲ್ಪ ಕಾಯಿ, ಒಳ್ಳೇದು ತರ್ತೀನಿ’ ಅಂದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರಿಗೆ ‘ಸಾರಿ, ಇಲ್ಲವಂತೆ’ ಅಂದರು. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದ ಕಡೆ 3 ನಿಮಿಷ. ಮಾತು ತಪ್ಪುವ ಮನೆಯಲ್ಲಿ ಕೂಡಲೇ ತಿಂದುಬಿಡುವ ಮಗು ದಡ್ಡ ಅಲ್ಲ, ಅಲ್ವಾ?

2022ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ ಜಪಾನಿನ ಮಕ್ಕಳು ತಿಂಡಿಗೆ ಹೆಚ್ಚು ಹೊತ್ತು ಕಾದರು, ಅಮೆರಿಕದ ಮಕ್ಕಳು ಉಡುಗೊರೆ ಬಿಚ್ಚಲು ಹೆಚ್ಚು ಹೊತ್ತು ಕಾದರು. ಜಪಾನಿನಲ್ಲಿ ಎಲ್ಲರಿಗೂ ಬಡಿಸುವವರೆಗೆ ಕಾಯುವುದು ರೂಢಿ. ನಮ್ಮಲ್ಲಿ ‘ನೈವೇದ್ಯ ಆಗೋವರೆಗೂ ಮುಟ್ಟಬೇಡ’ ಕೇಳಿ ಬೆಳೆದ ಮಕ್ಕಳನ್ನು ಕಡುಬಿನ ಮುಂದೆ ಕೂರಿಸಿದರೆ ಎಷ್ಟು ಹೊತ್ತು ಕಾದಾರು ಅಂತ ನನಗೆ ಕುತೂಹಲ.

ಏಣಿಯ ಯಾವ ಮೆಟ್ಟಿಲು?

ಹೊಸ ಸ್ಕೂಟರನ್ನು ಮೊದಲ ತಿಂಗಳು ದಿನಾ ಬಟ್ಟೆಯಲ್ಲಿ ಒರೆಸುತ್ತೇವೆ. ನಾಲ್ಕನೇ ತಿಂಗಳಿಗೆ ಸೀಟಿನ ಮೇಲೆ ಕಾಗೆ ಹಿಕ್ಕೆ ಒಣಗಿದ್ದರೂ ಹಾಗೇ ಹತ್ತಿ ಕೂರುತ್ತೇವೆ. ಮನಸ್ಸು ಒಗ್ಗಿಕೊಳ್ಳುತ್ತದೆ. 1978ರ ಒಂದು ಹೆಸರಾಂತ ಅಧ್ಯಯನ ಅಮೆರಿಕದಲ್ಲಿ ದೊಡ್ಡ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿತು. ಅಕ್ಕಪಕ್ಕದವರಿಗಿಂತ ಅವರು ಹೇಳಿಕೊಳ್ಳುವಷ್ಟು ಹೆಚ್ಚು ಸಂತೋಷವಾಗಿರಲಿಲ್ಲ. ಮಾತ್ರವಲ್ಲ, ಗೆಳೆಯರ ಜೊತೆ ಹರಟುವಂಥ ದಿನದ ಸಣ್ಣ ಖುಷಿಗಳು ಅವರಿಗೆ ಸಪ್ಪೆಯಾಗಿದ್ದವು.

ಇದನ್ನು ಹಿಡಿದು ‘ದುಡ್ಡಿನಿಂದ ಏನೂ ಆಗುವುದಿಲ್ಲ’ ಅಂತ ತೀರ್ಮಾನಿಸುವವರಿಗೆ ಒಂದು ತೊಡಕಿದೆ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಸಾವಿರಾರು ಲಾಟರಿ ವಿಜೇತರನ್ನು ವರ್ಷಗಳ ನಂತರ ಕೇಳಿತು. ದೊಡ್ಡ ಮೊತ್ತ ಗೆದ್ದವರಲ್ಲಿ ಬದುಕಿನ ಬಗೆಗಿನ ಸಮಾಧಾನ ಹೆಚ್ಚಿತ್ತು, ಹತ್ತು ವರ್ಷ ಕಳೆದರೂ ಕರಗಿರಲಿಲ್ಲ. ದಿನದಿನದ ಖುಷಿಯಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಇರಲಿಲ್ಲ. ಮೊದಲೇ ಹೇಳಿದೆನಲ್ಲ, ಖುಷಿ ಬೇರೆ, ಸಮಾಧಾನ ಬೇರೆ.

ಪ್ರತಿ ಮಾರ್ಚ್‌ನಲ್ಲಿ ಸುದ್ದಿಯಾಗುವ ‘ವಿಶ್ವ ಸಂತೋಷ ವರದಿ’ಯ ಪಟ್ಟಿ ಅಳೆಯುವುದೂ ಖುಷಿಯನ್ನಲ್ಲ, ಈ ಸಮಾಧಾನವನ್ನು. ಒಂದು ಏಣಿ ಇದೆ ಅಂದುಕೊಳ್ಳಿ, ತುದಿಯಲ್ಲಿ 10, ನಿಮಗೆ ಸಾಧ್ಯವಿರುವ ಅತ್ಯಂತ ಒಳ್ಳೆಯ ಬದುಕು. ಬುಡದಲ್ಲಿ 0, ಅತ್ಯಂತ ಕೆಟ್ಟದ್ದು. ಈಗ ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ? ಇಷ್ಟೇ ಪ್ರಶ್ನೆ. 2025ರಲ್ಲಿ ಫಿನ್ಲೆಂಡ್ ಸತತ ಎಂಟನೇ ವರ್ಷ ಮೊದಲ ಸ್ಥಾನದಲ್ಲಿತ್ತು, ಭಾರತ 118ರಲ್ಲಿ.

ನಮ್ಮಮ್ಮನಿಗೆ ಈ ಪ್ರಶ್ನೆ ಕೇಳಿದೆ. ಅವರೆಕಾಯಿ ಬಿಡಿಸುತ್ತಿದ್ದರು. ಸ್ವಲ್ಪ ಹೊತ್ತು ಯೋಚಿಸಿ ‘ಏಳು’ ಅಂದರು. ಯಾಕೆ ಹತ್ತಲ್ಲ ಅಂದಿದ್ದಕ್ಕೆ, ‘ಮಂಡಿನೋವು ಇಟ್ಕೊಂಡು ಇನ್ನೂ ಮೂರು ಮೆಟ್ಲು ಹತ್ತಿಸ್ತೀಯಲ್ಲೋ’ ಅಂದರು. ಸಂಜೆ ಅಕ್ಕನ ಫೋನು ಬಂದು ಹೋದ ಮೇಲೆ ತಾವಾಗಿಯೇ ಬಂದು, ‘ಎಂಟು ಅಂತ ಬರ್ಕೋ’ ಅಂತ ತಿದ್ದಿಸಿದರು.